ಹೊಸ ಕೊಳದಲ್ಲಿ ಕೆಂಪು ಲಂಗ

ಸಂಜೆ ಆರು ಗಂಟೆ. ಗೆಳೆಯರೇ, ಇಂದು ಗಣಪತಿ ಹಬ್ಬಕ್ಕೆ ನಮ್ಮ ನೂಲಿನ ಮಿಲ್ಲಿನವರ ಈಜುಕೊಳ, ಆಟದ ಮನೆ ಎರಡೂ ತೆರೆದವು. ಹೋದ ವರ್ಷ ನಮ್ಮ ಮಗಳು ಮುಳುಗಿದ ಬಾವಿಯನ್ನೇ ಅಗಲಿಸಿ ಆ ಕೊಳ ಕಟ್ಟಿದ್ದಾರೆ. ಮಕ್ಕಳು ಇಳಿಯುವ ಮೊದಲು ನನ್ನ ಹೆಂಡತಿ ಮಗಳ ಕೆಂಪು ಲಂಗವನ್ನು ನೀರಿಗೆ ಬಿಟ್ಟಳು. ಅದು ನೇರವಾಗಿ ತಳಕ್ಕೆ ಹೋಯಿತು. ನೀರು ಮೆಲ್ಲಗೆ ಕೆಂಪಾಯಿತು.

“ಏನಮ್ಮಾ ಇದು?” ಎಂದರು ಮ್ಯಾನೇಜರು.

“ಅವಳ ಪಾವಾಡೆ ಕೊಟ್ಟಿದೀನಿ ಸಾಮಿ. ನೀರು ಇನ್ನೊಂದು ಕೂಸ ಕೇಳಾದಿಲ್ಲ.”

“ಬಣ್ಣ ತಾನೇ ಅದು, ಇಳೀರಪ್ಪಾ,” ಎಂದರು ಮ್ಯಾನೇಜರು. ಒಬ್ಬರೂ ಇಳಿಯಲಿಲ್ಲ.

ಆ ಲಂಗದ ನೂಲಿಗೆ ಮಿಲ್ಲಿನಲ್ಲಿ ಬಣ್ಣ ಹಾಕಿದವನು ನಾನೇ. ಎಷ್ಟು ಒಗೆದರೂ ಅದು ಬಿಟ್ಟಿರಲಿಲ್ಲ. ನನ್ನ ಬಣ್ಣ ಬಿಡುವುದಿಲ್ಲವೆಂದು ಇನ್ನು ಯಾರಿಗೂ ಹೇಳುವಂತಿಲ್ಲ. ಲಂಗ ಇನ್ನೂ ಮೇಲೆ ಬಂದಿಲ್ಲ. ನಾಳೆ ಬೆಳಿಗ್ಗೆ ನೀರನ್ನೆಲ್ಲ ಹೊರಗೆ ಬಿಡುತ್ತಾರೆ.