ಕಾರಿನ ಬಾಗಿಲು ಕೂರಿಸುತ್ತಿದ್ದವರು

ಪುರೋಹಿತರು ಬೇಡವೆಂದವರ ಅಂತ್ಯಕ್ರಿಯೆಯಲ್ಲಿ ನಿಂತು, ತೀರಿಹೋದವರ ಬದುಕನ್ನು ನೆನೆದು ನಾಲ್ಕು ಮಾತು ಹೇಳುವುದು ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡ ಕೆಲಸ. ಗೆಳೆಯರೊಬ್ಬರಿಗೆಂದು ಒಮ್ಮೆ ಮಾಡಿದ್ದೆ. ಆಮೇಲೆ ಕೊಚ್ಚಿಯ ಕನ್ನಡದವರು ಕರೆಯತೊಡಗಿದರು.

ಕಳೆದ ಮಳೆಗಾಲದಲ್ಲಿ ತಿರುವನಂತಪುರದಿಂದ ಫೋನ್ ಬಂತು. ಕೊಚ್ಚಿಯ ಪಾಲಾರಿವಟ್ಟಂನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿರುವ, ನಾನಿದ್ದ ಬ್ಯಾಂಕಿನಲ್ಲೇ ಅಧಿಕಾರಿಯಾದ ಹೆಂಗಸು. ತಿರುವನಂತಪುರದ ಉಳ್ಳೂರಿನ ಆಸ್ಪತ್ರೆಯಲ್ಲಿ ಅವರ ಗಂಡ ಹೋಗಿಬಿಟ್ಟಿದ್ದರು. ಮಗಳು ಅಲ್ಲೇ ಓದುತ್ತಿದ್ದುದರಿಂದ ಚಿಕಿತ್ಸೆಗೆ ಅಲ್ಲಿಗೆ ಸೇರಿಸಿದ್ದರು. ವಿದ್ಯುತ್ ಚಿತಾಗಾರದಲ್ಲಿ ಇಲ್ಲೇ ಮುಗಿಸುತ್ತೇವೆ, ಮಂತ್ರ ಬೇಡ ಅಂತ ಅವರೇ ಹೇಳಿದ್ದರು, ನೀವು ಬಂದು ಮಾತಾಡಬೇಕು ಸರ್ ಎಂದರು. ಸಿಕ್ಕಿದ ರೈಲು ಹತ್ತಿದೆ.

ಸತ್ತವರು ನನಗೆ ಗೊತ್ತಿದ್ದವರೇ. ಹುಟ್ಟೂರಿನ ಹೊರಗಿದ್ದ ಕಾರು ಕಾರ್ಖಾನೆಗೆ ಮೀಸೆ ಮೂಡುವ ವಯಸ್ಸಿನಲ್ಲಿ ಸೇರಿದವರು. ಸಾಲಿನಲ್ಲಿ ಬರುವ ಕಾರಿಗೆ ಬಾಗಿಲು ಹೊಂದಿಸಿ, ಬೋಲ್ಟು ಬಿಗಿದು, ಒಮ್ಮೆ ಮುಚ್ಚಿ ಸದ್ದಿಗೆ ಕಿವಿಗೊಡುವುದು ಅವರ ಕೆಲಸ. ಕಾರ್ಖಾನೆ ಮುಚ್ಚಿತು. ಹೆಂಡತಿಗೆ ಕೊಚ್ಚಿಗೆ ವರ್ಗವಾದಾಗ ಜೊತೆಗೆ ಬಂದರು. ಇಲ್ಲಿನ ಸರ್ವಿಸ್ ಸೆಂಟರುಗಳಿಗೆಲ್ಲ ಅಲೆದರು. ಬಾಗಿಲು ಬಿಟ್ಟು ಬೇರೇನು ಗೊತ್ತು ಎಂದು ಅಲ್ಲಿನವರು ಕೇಳುತ್ತಿದ್ದರಂತೆ, ಇವರಿಗೆ ಮಲಯಾಳವೂ ಬರುತ್ತಿರಲಿಲ್ಲ. ಕ್ರಮೇಣ ಕೆಲಸ ಕೇಳುವುದನ್ನೇ ಬಿಟ್ಟು ಅಡುಗೆ ಮಾಡಿಕೊಂಡು, ಮಗಳನ್ನು ಶಾಲೆಗೆ ಬಿಟ್ಟು ಬರುತ್ತಾ ಉಳಿದರು.

ಸಂಜೆ ಚಾಯದಂಗಡಿಯಲ್ಲಿ ಸಿಗುತ್ತಿದ್ದರು. ಒಮ್ಮೆ ಎದುರಿಗೆ ನಿಂತ ಹಳೆಯ ಕಾರನ್ನು ನೋಡಿ, "ಇದು ನಮ್ಮಲ್ಲಿ ಆದದ್ದು ಸರ್. ಬಾಗಿಲು ನಾನೇ ಹಾಕಿರಬಹುದು" ಎಂದು ಎದ್ದು ಹೋಗಿ ಅದರ ಮೇಲೆ ಕೈಯಿಟ್ಟರು. ಒಳಗಿದ್ದಾತ ಗಾಜು ಇಳಿಸಿ ಗದರಿದ. ಏನೆಂದು ಹೇಳಲು ಅವರಿಗೆ ಭಾಷೆ ಸಾಲಲಿಲ್ಲ. ಆಮೇಲೆ ಅವರು ಆ ಅಂಗಡಿಯ ಕಡೆ ಬರಲಿಲ್ಲ.

ಚಿತಾಗಾರದಲ್ಲಿ ನಾವು ಬೆರಳೆಣಿಕೆಯ ಜನ. ಕನ್ನಡದಲ್ಲೇ ಮಾತಾಡಿದೆ. ಊರು, ಕಾರ್ಖಾನೆ, ಬಾಗಿಲಿನ ಕೆಲಸ ಹೇಳಿ ಮದುವೆಯ ವಿಷಯಕ್ಕೆ ಬರುವಷ್ಟರಲ್ಲಿ ಅಲ್ಲಿನ ನೌಕರ ಹತ್ತಿರ ಬಂದು, ಹೊರಗೆ ಇನ್ನೊಂದು ದೇಹ ಕಾಯುತ್ತಿದೆ, ಬೇಗ ಮುಗಿಸಿ ಎಂದು ಮೆಲ್ಲಗೆ ಹೇಳಿದ. ಅರ್ಧಕ್ಕೇ ಕೈಮುಗಿದೆ. ಅವರನ್ನು ಒಳಗೆ ತಳ್ಳಿದರು.

ವರಾಂಡದಲ್ಲಿ ಮಗಳು ನನ್ನ ಬಳಿ ಬಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಮಲಯಾಳದಲ್ಲಿ. ಅಚ್ಛನ್, ಅಂದರೆ ಅಪ್ಪ, ಕಾರಿಗೆ ಬಾಗಿಲು ಹಾಕುತ್ತಿದ್ದರಾ ಎಂದು ಕೇಳಿದಳು. ಹಿಂದೆ ಯಾವುದೋ ಕಂಪನಿಯಲ್ಲಿದ್ದರು ಅನ್ನುವುದಷ್ಟೇ ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಆ ಮಾತೇ ಬರುತ್ತಿರಲಿಲ್ಲವಂತೆ.

ನಾನು ತಾಯಿಯ ಮುಖ ನೋಡಿದೆ.

"ಹೇಳಿದರೆ, ಈಗ್ಯಾಕೆ ಕೆಲಸ ಇಲ್ಲ ಅಂತ ಮಗು ಕೇಳಿಬಿಡುತ್ತೆ ಅಂತ ಹೆದರೋರು," ಎಂದರು ಅವರು. "ಆಸ್ಪತ್ರೆಯಲ್ಲೂ ನಾನೇ ಅಂದೆ, ಈಗಲಾದರೂ ಹೇಳಿ ಅಂತ. ಬೇಡ ಅಂದರು."

ಮಗಳು ಸಿಮೆಂಟಿನ ಬೆಂಚಿನ ಮೇಲೆ ಹೋಗಿ ಕೂತಳು. ತಾಯಿ ಪಕ್ಕದಲ್ಲಿ ಕೂರಲು ಹೋದಾಗ ಎದ್ದು ಗೇಟಿನ ಕಡೆ ನಡೆದಳು. ಹೊರಗೆ ಕಾಯುತ್ತಿದ್ದವರು ತಮ್ಮ ಹೆಣವನ್ನು ಹೊತ್ತು ಒಳಗೆ ಬರುತ್ತಿದ್ದರು. ಅವರಿಗೆ ದಾರಿ ಬಿಡಲು ನಾನೂ ತಾಯಿಯೂ ಗೋಡೆಗೆ ಒತ್ತಿ ನಿಂತೆವು.