ಕಣ್ಣು ಮುಚ್ಚಿ ದಾಟಿದವರು

ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹೊಳೆಗೆ ಮರದ ಕಾಲುಸಂಕ ಹಾಕಿ ಮುಗಿದ ಮೇಲೆ ಮಹಾಬಲಣ್ಣ ಅದನ್ನು ಕಣ್ಣು ಮುಚ್ಚಿಕೊಂಡು ದಾಟುತ್ತಿದ್ದರು. ಮುಂಡು ಎತ್ತಿ ಕಟ್ಟಿ, ಬರಿಗಾಲಲ್ಲಿ, ಪಕ್ಕದ ಹಗ್ಗವನ್ನೂ ಮುಟ್ಟದೆ. ಬಿಜೂರಿನ ಬದಿಯ ಸಣ್ಣ ಶಾಲೆಗೆ ನಾನು ಟೀಚರಾಗಿ ಬಂದ ವರ್ಷ ಅದನ್ನು ಮೊದಲ ಸಲ ಕಂಡೆ. ಇದೆಂಥ ಹುಚ್ಚಾಟ ಎಂದು ಕೇಳಿಯೇಬಿಟ್ಟೆ.

"ಮಕ್ಳ್ ಕಾಲ್ ಬುಡ ಕಾಂಬ್ದಿಲ್ಲೆ ಟೀಚ್ರೆ. ಅವ್ರ ಕಣ್ಣ್ ಹೊಳಿ ಮೀನಿನ್ ಮೇಲೇ. ಕಣ್ ಮುಚ್ಕಂಡ್ ದಾಟುಕ್ ಆಯ್ಕ್. ಅದ್ ಸಂಕ," ಎಂದರು. ಕೆಳಗೆ ನೋಡದೆ ನಡೆಯುವ ಮಕ್ಕಳಿಗಾಗಿ ಅದು ಅವರ ಪರೀಕ್ಷೆ.

ಬಚ್ಚಣ್ಣ ಅವರ ತಮ್ಮ. ಅಣ್ಣ ಮುಂಬೈಯ ಕ್ಯಾಂಟೀನಿನಲ್ಲಿ ದುಡಿದು ಊರಿಗೆ ಮರಳಿದವರು, ತಮ್ಮ ಕುಂದಾಪುರ ದಾಟಿ ಹೋದದ್ದೇ ಅಪರೂಪ. ಇಬ್ಬರಿಗೂ ಶಾಲೆಗೆ ಹೋಗುವ ಮಕ್ಕಳಿರಲಿಲ್ಲ. ಆದರೂ ಆಚೆ ದಡದ ಮಕ್ಕಳು ಶಾಲೆಗೆ ಬರಲೆಂದು ವರ್ಷವೂ ಮರ ಹೊತ್ತು ತರುತ್ತಿದ್ದರು. ಅಣ್ಣ ಆಚೆ ದಡ, ತಮ್ಮ ಶಾಲೆಯ ದಡ. ನಡುವೆ ಬೈಗುಳದ ಮಳೆ.

"ಬಚ್ಚಾ, ಬಳ್ಳಿ ಎಳಿ. ನಿದ್ರಿ ಬಂತಾ ಎಂತ?"

"ನಾ ಎಳ್ದೇ ಆಯ್ತ್. ಸುಮ್ನೆ ಬೊಬ್ಬಿ ಹೊಡಿಬೇಡ, ಗಂಟ್ ಹಾಕ್ ಅಣ್ಣ."

ಮಳೆ ನಿಂತು ಹೊಳೆ ನಡೆದೇ ದಾಟುವಷ್ಟಾದ ಮೇಲೆ ಸಂಕ ತೆಗೆಯುವಾಗ ಅವರವರ ದಡದ ಗಂಟನ್ನು ಅವರವರೇ ಬಿಚ್ಚಬೇಕು. ಅದೊಂದು ಹಟ ಇಬ್ಬರಿಗೂ. ಮರಗಳು ಕೊಳೆಯದಂತೆ ಗೇರೆಣ್ಣೆ ಬಳಿದು ಕೊಟ್ಟಿಗೆಯಲ್ಲಿ ಒಣಗಿಸಿಡುತ್ತಿದ್ದರು. ಪಕ್ಕಾ ಸೇತುವೆಗೆ ನಾನೇ ಬರೆದುಕೊಟ್ಟ ಅರ್ಜಿಗಳಿಗೆ ಲೆಕ್ಕವಿಲ್ಲ. ಸರಕಾರದಿಂದ ಬಂದವರು ಟೇಪು ಹಿಡಿದು ಹೊಳೆ ಅಳೆದು, ಸೀಯಾಳ ಕುಡಿದು ಹೋದರು.

ಒಂದು ವರ್ಷ ಸಂಕ ಬಿಚ್ಚುವ ಮೊದಲೇ ಮಹಾಬಲಣ್ಣ ಜ್ವರ ಬಂದು ತೀರಿಕೊಂಡರು. ತಿಂಗಳು ಕಳೆದರೂ ಸಂಕ ಹೊಳೆಯ ಮೇಲೆಯೇ ಇತ್ತು. ಬಿಚ್ಚುವುದಿಲ್ಲವೇ ಎಂದರೆ ಬಚ್ಚಣ್ಣ ಮುಖ ತಿರುಗಿಸಿದರು.

"ಅಣ್ಣ ಹಾಕಿದ್ ಗಂಟ್. ನನ್ ಕೈಯಗೆ ಬಿಚ್ಚುಕ್ ಆತಿಲ್ಲೆ ಟೀಚ್ರೆ. ಕತ್ತಿ ಹಾಕುಕ್ ಮನ್ಸ್ ಬತ್ತಿಲ್ಲೆ."

ಬೇಸಗೆಯಿಡೀ ಮರಗಳು ಎಣ್ಣೆಯಿಲ್ಲದೆ ಬಿಸಿಲಿಗೆ ಬಿದ್ದುಕೊಂಡಿದ್ದವು. ಜೂನ್ ಬಂತು. ಹೊಸ ಸಂಕಕ್ಕೆ ಆಚೆ ದಡದಲ್ಲಿ ನಿಲ್ಲಲು ಒಬ್ಬ ಬೇಕೆಂದು ಬಚ್ಚಣ್ಣ ಮನೆಮನೆ ಹತ್ತಿಳಿದರು. ಈ ವರ್ಷ ಸರಕಾರದ್ದೇ ಆಗುತ್ತದಂತೆ, ಸುಮ್ಮನೆ ಯಾಕೆ ಎಂದರು ಎಲ್ಲರೂ. ಅಷ್ಟರಲ್ಲಿ ಶಾಲೆ ಶುರುವಾಯಿತು. ಹಳೆಯ ಸಂಕಕ್ಕೆ ಹೆದರಿ ಆಚೆಯ ಮನೆಯವರು ಮಕ್ಕಳನ್ನು ಕಳಿಸಲಿಲ್ಲ, ಅರ್ಧ ಬೆಂಚು ಖಾಲಿ. ನಾನು ಪ್ರತಿ ವರ್ಷ ಕೇಳುವ ಹಾಗೆ ಕೇಳಿದೆ, "ಮಕ್ಕಳು ಬರಬೇಕಲ್ಲ ಬಚ್ಚಣ್ಣ, ಸಂಕ ಎಂತ ಆಯ್ತು?"

ಕೇಳಬಾರದಿತ್ತು. ಇದನ್ನು ಯಾರ ಹತ್ತಿರವೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

"ಹಳಿ ಸಂಕ ಗಟ್ಟಿ ಇತ್ತಾ ಕಾಂತೆ," ಎಂದರು.

ಮರುದಿನ ಬೆಳಿಗ್ಗೆ ಆಚೆ ದಡದಲ್ಲಿ ಮಕ್ಕಳು ಕೊಡೆ ಹಿಡಿದು ನಿಂತಿದ್ದರು. ಹೊಳೆ ಕೆಂಪಾಗಿ ತುಂಬಿತ್ತು. "ಅಲ್ಲೇ ನಿಲ್ಲಿ ಮಕ್ಳೆ, ನಾ ಬಂದ್ ಹೇಳ್ತೆ," ಎಂದು ಕೂಗಿ, ಬಚ್ಚಣ್ಣ ನನ್ನ ಎದುರಿನಲ್ಲೇ ಮುಂಡು ಎತ್ತಿ ಕಟ್ಟಿದರು. ಕಣ್ಣು ಮುಚ್ಚಿ ದಾಟುವುದು ಯಾವಾಗಲೂ ಅಣ್ಣನ ಕೆಲಸ, ಅವರು ಒಮ್ಮೆಯೂ ಮಾಡಿದವರಲ್ಲ. ಅಂದು ಮುಚ್ಚಿದರು. ಅರ್ಧ ದಾರಿಯವರೆಗೆ ಸರಿಯಾಗಿಯೇ ಹೋದರು. ಅಲ್ಲಿ ಮರ ಮುರಿಯಿತು.

ಮಾರನೆಯ ದಿನ ಹೊಳೆಯ ಕೆಳಗೆ ಉಪ್ಪುನೀರಿನ ಕಾಂಡ್ಲದ ಗಿಡಗಳ ನಡುವೆ ಸಿಕ್ಕಿದರು.

ವಾರದೊಳಗೆ ಹೊಳೆಗೆ ಅಡ್ಡವಾಗಿ ದೊಡ್ಡದೊಂದು ಫ್ಲೆಕ್ಸ್ ಬಂತು. ಅಣ್ಣತಮ್ಮಂದಿರ ಫೋಟೋ, ಕೆಳಗೆ 'ಸಮಾಜ ಸೇವಕರಿಗೆ ಶ್ರದ್ಧಾಂಜಲಿ'. ಮಹಾಬಲಣ್ಣ ಹಗ್ಗ ಬಿಗಿಯುತ್ತಿದ್ದ ಮರಕ್ಕೇ ಅದರ ಒಂದು ತುದಿ ಕಟ್ಟಿದ್ದರು. ಅದನ್ನು ಎಳೆದು ಕಟ್ಟಲು ಎರಡೂ ದಡದಲ್ಲಿ ಜನ ಸಿಕ್ಕಿದ್ದರು.

ಈಗ ಅದೂ ಹರಿದು ಹೋಗಿದೆ. ಟೇಪು ಹಿಡಿದವರು ಇನ್ನೊಮ್ಮೆ ಬಂದು ಹೋದರು. ಆಚೆಯ ಮಕ್ಕಳು ಒಬ್ಬೊಬ್ಬರಾಗಿ ಬೇರೆ ಶಾಲೆಗೆ ಹೋದರು. ಕಳೆದ ವಾರ ಕೊನೆಯ ಹುಡುಗಿಯ ಟಿ.ಸಿ. ಬರೆಯಲು ಕೂತೆ. 'ಶಾಲೆ ಬಿಡಲು ಕಾರಣ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಎದುರು ಕೂತಿದ್ದ ಅವಳ ಅಮ್ಮ, "ಎಂತ ಬರೀತ್ರಿ ಟೀಚ್ರೆ?" ಎಂದಳು.

'ಪೋಷಕರ ಕೋರಿಕೆ' ಎಂದು ಬರೆದು, ಸೀಲು ಒತ್ತಿ ಕೊಟ್ಟೆ.