ರಾಜನ ಗಡ್ಡದ ಕೆಳಗೊಂದು ಉಬ್ಬು

ಖೋಟಾ ನಾಣ್ಯ ಕೂಡಿಸುತ್ತೇನೆ ಎಂದರೆ ಎದುರಿನವರು ಕೇಳುವ ಮೊದಲ ಪ್ರಶ್ನೆ, "ಎಲ್ಲಿ ದಾಟಿಸ್ತಿ ಮಾರಾಯ?" ದಾಟಿಸುವುದಿಲ್ಲ, ಇಟ್ಟುಕೊಳ್ಳುತ್ತೇನೆ ಎಂದರೆ ಎರಡನೆಯದು, "ಎಂತಕ್ಕೆ?" ಇವೆರಡಕ್ಕೆ ಉತ್ತರ ಕೊಡುವುದರಲ್ಲೇ ನನ್ನ ಹರೆಯದ ಒಳ್ಳೆಯ ಭಾಗ ಕಳೆಯಿತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕ್ಲಾರ್ಕ್. ಉರ್ವದ ಮನೆಯಿಂದ ಹೋಗಲಿಕ್ಕೆ ಎರಡು ಬಸ್ಸು, ಬರಲಿಕ್ಕೆ ಎರಡು. ಆ ಕಂಡಕ್ಟರುಗಳ ಚಿಲ್ಲರೆಯೇ ನನ್ನ ಗಣಿ. ಸೀಸದ ರೂಪಾಯಿ, ಸೀಸದ ಎಂಟಾಣೆ. ಕಲ್ಲಿನ ಮೇಲೆ ಬಿಟ್ಟರೆ ಠಣ್ ಎನ್ನದೆ ತಪ್ ಎನ್ನುವಂಥವು. ಸಿಕ್ಕಿದ ದಿನ, ಸಿಕ್ಕಿದ ಬಸ್ಸು, ತೂಕ, ದಪ್ಪ ಎಲ್ಲ ಬರೆದು ಒಂದೊಂದನ್ನೂ ಸಣ್ಣ ಲಕೋಟೆಯಲ್ಲಿ ಹಾಕಿಡುತ್ತಿದ್ದೆ. ಮೂವತ್ತೆಂಟು ಇರಬೇಕಾದಲ್ಲಿ ಒಂದು ಸೋಮವಾರ ಎಣಿಸಿದರೆ ಮೂವತ್ತೈದು. ಮೂರನ್ನು ಅಮ್ಮ ದೇವಸ್ಥಾನದ ಹುಂಡಿಗೆ ಹಾಕಿದ್ದಳು.

"ಅಂಗಡಿಯವ ಹೇಗೂ ತೆಗೊಳ್ಳುದಿಲ್ಲ. ದೇವರು ಎಂತ ಕೇಳ್ತಾರಾ?"

ನನ್ನ ಸಂಗ್ರಹಕ್ಕೆ ಮನೆಯಲ್ಲಿದ್ದ ಮರ್ಯಾದೆ ಇಷ್ಟು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಭಾವ, ಅಂದರೆ ಅಕ್ಕನ ಗಂಡ, ಗಲ್ಫಿನಿಂದ ರಜೆಯಲ್ಲಿ ಬಂದರು. ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಕಾವೂರಿನ ಭಾವನ ಮನೆಯಲ್ಲಿ ಅವರ ತಂಗಿಯ ಮದುವೆಯ ತಯಾರಿ ನಡೆದಿತ್ತು. ಭಾವ ಅಕ್ಕನಿಗೆಂದು ಎಂಟು ಪವನು ತಂದಿದ್ದರು. ಎಲ್ಲರೂ ತರುವ ಸರ, ಬಳೆ ಅಲ್ಲ. ಒಂದು ಬದಿ ಬ್ರಿಟಿಷ್ ರಾಜನ ತಲೆ, ಇನ್ನೊಂದು ಬದಿ ಕುದುರೆ ಸವಾರ ಇರುವ ಅಚ್ಚಿನ ಪವನು, ಚಿನ್ನದ ನಾಣ್ಯ. ಓವರ್‌ಟೈಮ್ ಮಾಡಿ, ಅಂಗಡಿಯಲ್ಲಿ ನಿಂತು ಆರಿಸಿ, ಒಂದೊಂದಾಗಿ ಕೊಂಡದ್ದು. ಅವನ್ನು ಪೋಣಿಸಿ ಸರ ಮಾಡಿಸಿ ಮದುವೆಯ ದಿನ ಅಕ್ಕ ಹಾಕಿಕೊಳ್ಳಬೇಕೆಂದು ಅವರ ಆಸೆ. ಮದುವೆಯಾದ ಮೂರನೇ ದಿನ ಅವರು ಹಿಂದೆ ಹೋಗುವವರು.

ಊಟದ ಮೇಜಿನ ಮೇಲೆ ಎಂಟನ್ನೂ ಸಾಲಾಗಿ ಇಟ್ಟು ಭಾವ ನನ್ನನ್ನು ಕರೆದರು. "ಪಂಡಿತರು ಬನ್ನಿ, ನೋಡಿ. ಇದು ನಿಮ್ಮ ಸೀಸದ ರೂಪಾಯಿ ಅಲ್ಲ."

ಕರೆದವರು ಅವರೇ ಎಂಬುದು ಆಮೇಲೆ ಯಾರಿಗೂ ನೆನಪಿರಲಿಲ್ಲ.

ಭೂತಗನ್ನಡಿ ತಂದೆ. ಒಂದು ಹಳೆಯ ಮದ್ದಿನಂಗಡಿಯಿಂದ ಕೊಂಡಿದ್ದ ಪುಟ್ಟ ತಕ್ಕಡಿ ತಂದೆ. ಎಂಟರದ್ದೂ ತೂಕ ಸರಿ, ಅಗಲ ಸರಿ, ದಪ್ಪ ಸರಿ. ಆಮೇಲೆ ರಾಜನ ಮುಖ ನೋಡಿದೆ. ಒಂದರಲ್ಲಿ ಗಡ್ಡದ ಕೆಳಗೆ, ಸಾಸಿವೆಯ ಕಾಲು ಭಾಗದಷ್ಟು ಒಂದು ಉಬ್ಬು. ಇನ್ನೊಂದರಲ್ಲೂ ಅದೇ ಜಾಗದಲ್ಲಿ ಅದೇ ಉಬ್ಬು. ಹೀಗೆ ಎಂಟರಲ್ಲಿ ಐದರಲ್ಲಿ. ಆದರೆ ಆ ಐದರ ಇಸವಿಗಳು ಬೇರೆ ಬೇರೆ. ಟಂಕಸಾಲೆಯಲ್ಲಿ ಅಚ್ಚು ಸವೆದಂತೆ ಹೊಸದು ಬರುತ್ತಲೇ ಇರುತ್ತದೆ. ಅಷ್ಟು ವರ್ಷಗಳ ಅಂತರದ ಐದು ನಾಣ್ಯಗಳಲ್ಲಿ ಒಂದೇ ಕಲೆ ಬರಲು ಸಾಧ್ಯವಿಲ್ಲ. ಯಾರೋ ರಾಜನ ತಲೆಯ ಒಂದೇ ಅಚ್ಚು ಇಟ್ಟುಕೊಂಡು, ಕುದುರೆಯ ಬದಿಯಲ್ಲಿ ಇಸವಿಯನ್ನು ಮಾತ್ರ ಬದಲಾಯಿಸಿ ಹೊಡೆದಿದ್ದಾರೆ. ಇಷ್ಟು ಚಂದದ ಖೋಟಾವನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಭಾವ, ಇದರಲ್ಲಿ ಐದು ಡುಪ್ಲಿಕೇಟ್" ಎಂದೆ. "ಆದ್ರೆ ಚಿನ್ನ ಮಾತ್ರ..."

ಉಳಿದ ಅರ್ಧ ವಾಕ್ಯಕ್ಕೆ ಕೇಳುವವರೇ ಇರಲಿಲ್ಲ. ಭಾವ ಪವನುಗಳನ್ನು ಬಾಚಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಅಕ್ಕ ಕೋಣೆ ಸೇರಿದಳು. ಅಮ್ಮ ನನ್ನ ಎದುರು ಬಂದು ನಿಂತಳು.

"ನಿನಗೆ ಬಾಯಿ ಮುಚ್ಚಿ ಕೂತ್ಕೊಳ್ಲಿಕ್ಕೆ ಆಗುದಿಲ್ವಾ?"

"ಅಮ್ಮ, ಚಿನ್ನ ಒರಿಜಿನಲ್. ಬೇರೆ ಎಂತದ್ದಾದ್ರೂ ಆಗಿದ್ರೆ ಇಷ್ಟೇ ಗಾತ್ರಕ್ಕೆ ಇಷ್ಟು ತೂಕ ಬರುದೇ ಇಲ್ಲ."

"ಮತ್ತೆ ಡುಪ್ಲಿಕೇಟ್ ಅಂದದ್ದು ಎಂತಕ್ಕೆ?"

"ನಾಣ್ಯ ಡುಪ್ಲಿಕೇಟ್."

"ಚಿನ್ನವೇ ಅಲ್ವಾ ನಾಣ್ಯ?"

ನಾನು ಮೊದಲಿನಿಂದ ಶುರು ಮಾಡಿದೆ. ಅಚ್ಚಿನ ಪವನಿಗೆ ಅಷ್ಟೇ ತೂಕದ ಬರಿ ಚಿನ್ನಕ್ಕಿಂತ ಸ್ವಲ್ಪ ಹೆಚ್ಚು ಬೆಲೆ ಸಿಗುತ್ತದೆ. ಆ ಸ್ವಲ್ಪಕ್ಕಾಗಿಯೇ ಪೂರ್ತಿ ಚಿನ್ನ ಹಾಕಿ ಖೋಟಾ ಹೊಡೆಯುವವರಿದ್ದಾರೆ ಎಂದು ವಿವರಿಸಿದೆ. ಅಮ್ಮ ಕೊನೆಯವರೆಗೆ ಕೇಳಿ, "ಪೂರ್ತಿ ಚಿನ್ನ ಹಾಕಿ ಮೋಸ ಮಾಡುವವ ಯಾವ ಊರಿನ ಮರ್ಲ?" ಎಂದು ಒಳಗೆ ಹೋದಳು.

ಮರುದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಸುದ್ದಿ ಕಾವೂರಿಗೆ ಮುಟ್ಟಿತ್ತು. ನನ್ನ ವಾಕ್ಯದ ಮೊದಲರ್ಧ ಮಾತ್ರ. ಅದೂ ದಾರಿಯಲ್ಲಿ ಐದು ಹೋಗಿ ಎಂಟಾಗಿತ್ತು. ಭಾವನ ತಾಯಿ ಆಟೋ ಮಾಡಿಕೊಂಡು ಬಂದು ನಮ್ಮ ಚಾವಡಿಯಲ್ಲಿ ಕೂತಿದ್ದರು.

"ನನ್ನ ಮಗ ಅಲ್ಲಿ ಬಿಸಿಲಲ್ಲಿ ಬೆಂದು ಹಿತ್ತಾಳೆ ತಂದದ್ದಂತೆ. ಹೇಳಿದ್ದು ನೀನಾ?"

"ಹಿತ್ತಾಳೆ ಅಂತ ಹೇಳ್ಲಿಲ್ಲ ಮಾಮಿ. ಚಿನ್ನವೇ."

"ಹಾಗಾದ್ರೆ ನಿನ್ನೆ ಹೇಳಿದ್ದು ಸುಳ್ಳಾ?"

"ಸುಳ್ಳೂ ಅಲ್ಲ."

"ಯಾವುದಾದ್ರೂ ಒಂದು ಮಾತಲ್ಲಿ ನಿಲ್ತಿಯಾ ನೀನು?"

ಅಮ್ಮ ಡಬ್ಬಿಯನ್ನು ಅಕ್ಕಸಾಲಿಗನಲ್ಲಿಗೆ ಕೊಂಡುಹೋಗಿ ಒರೆ ಹಚ್ಚಿಸಿ ತಂದಳು. ಎಂಟೂ ಇಪ್ಪತ್ತೆರಡು ಕ್ಯಾರೆಟ್. ಮಾಮಿ ಸಮಾಧಾನದಿಂದ ಮನೆಗೆ ಹೋದರು. ಅಮ್ಮ ನನ್ನ ಕಡೆ ತಿರುಗಿದಳು. "ಇನ್ನಾದ್ರೂ ಭಾವನಿಗೆ ತಪ್ಪಾಯ್ತು ಅಂತ ಹೇಳು. ಪವನು ಸರಿ ಉಂಟು ಅಂತ ಹೇಳು." ಒರೆಗಲ್ಲು ಚಿನ್ನವನ್ನು ನೋಡುತ್ತದೆ, ರಾಜನ ಗಡ್ಡವನ್ನಲ್ಲ. ಇದನ್ನು ಎಷ್ಟು ಸಲ ಹೇಳುವುದು?

ಭಾವನಿಗೆ ಮಾತ್ರ ಒರೆಗಲ್ಲಿನಿಂದ ಏನೂ ಆಗಲಿಲ್ಲ. ಮೋಸಹೋದ ಅವಮಾನಕ್ಕೆ ಅಕ್ಕನೊಂದಿಗೆ ಮಾತು ನಿಲ್ಲಿಸಿ ಆಗಲೇ ಮೂರು ದಿನ. ಅವರು ಹೀಗೇ ವಿಮಾನ ಹತ್ತಿದರೆ ಮತ್ತೆ ಬರಲಿಕ್ಕೆ ಎರಡು ವರ್ಷ ಎಂದು ಅಕ್ಕನಿಗೆ ಊಟ ಸೇರುತ್ತಿರಲಿಲ್ಲ. ನಾಲ್ಕನೇ ದಿನ ಅವರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು.

"ಅಂಗಡಿಯವ ನನಗೆ ಟೊಪ್ಪಿ ಹಾಕಿದನಾ, ಇಲ್ವಾ? ಅದೊಂದು ಹೇಳು."

"ಹಾಕಿದ ಭಾವ. ಆದ್ರೆ ನಷ್ಟ ಹೆಚ್ಚೆಂತ ಇಲ್ಲ."

"ಹಾಗಾದ್ರೆ ಕರಗಿಸಿ ಬಳೆ ಮಾಡಿಸ್ಲಿ. ಮದುವೆಗೆ ಬಂದವರು ಅವಳ ಕುತ್ತಿಗೆ ನೋಡಿ ನಗುದು ಬೇಡ."

ಅಕ್ಕ ಒಳಗಿನಿಂದ ಬಂದಳು. "ಕರಗಿಸುದಿಲ್ಲ. ಬಳೆ ಇಲ್ಲಿಯೂ ಸಿಗ್ತದೆ. ಇದು ನೀವು ಆರಿಸಿ ತಂದದ್ದು." ಅವಳು ನನ್ನನ್ನು ಕೇಳಿದಳು, "ಆ ಉಬ್ಬು ಯಾವ ಬದಿ ಇರುದು?"

ನಾಲ್ಕು ದಿನದಲ್ಲಿ ಈ ಮನೆಯಲ್ಲಿ ಯಾರಾದರೂ ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು.

"ರಾಜನ ಬದಿ."

"ಕುದುರೆ ಬದಿಯಲ್ಲಿ?"

"ಅಲ್ಲಿ ಇಸವಿ ಮಾತ್ರ ಓದಿದ್ದು. ಕುದುರೆ ನೋಡ್ಲಿಕ್ಕೆ ನೀವು ಬಿಟ್ಟದ್ದೆಲ್ಲಿ?"

"ನೋಡುದೂ ಬೇಡ. ಕುದುರೆ ಹೊರಗೆ ಕಾಣುವ ಹಾಗೆ, ತಿರುಗದ ಹಾಗೆ ಕೊಂಡಿ ಹಾಕಿಸ್ತೇನೆ."

ತೂಕಕ್ಕೆ ಸರಿಯಾದ ಹಣ ಕಂತಿನಲ್ಲಿ ಕೊಡುತ್ತೇನೆ, ಐದರಲ್ಲಿ ಒಂದನ್ನು ನನಗೆ ಬಿಡು ಎಂದು ಕೇಳಿದೆ. ಅವಳು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಮದುವೆಯ ಚಪ್ಪರದಲ್ಲಿ ಅಕ್ಕ ಎಂಟು ಕುದುರೆಗಳ ಸರ ಹಾಕಿಕೊಂಡು ಓಡಾಡಿದಳು. ಭಾವ ದೂರದಲ್ಲೇ ಇದ್ದರು. ಅವರ ಕಡೆಯ ಒಬ್ಬ ಹೆಂಗಸು ಅಕ್ಕನನ್ನು ಹಿಡಿದು ನಿಲ್ಲಿಸಿ, ಒಂದು ಪವನನ್ನು ಬೆರಳಲ್ಲಿ ಎತ್ತಿ, "ಎಂತ, ರಾಜನನ್ನು ಒಳಗೆ ಹಾಕಿದ್ದು?" ಎಂದು ಚಪ್ಪರಕ್ಕೆಲ್ಲ ಕೇಳುವ ಹಾಗೆ ಕೇಳಿದಳು. ಅಕ್ಕನ ಮುಖ ಬಿಳುಚಿತು. ಭಾವ ಅಲ್ಲಿಂದ ಎದ್ದು ಬಂದರು.

"ಇವಳಿಗೆ ಕುದುರೆ ಇಷ್ಟ" ಎಂದರು.

"ನಿಮಗೆ ಯಾರು ಹೇಳಿದ್ದು?" ಎಂದು ಅಕ್ಕ ನಕ್ಕಳು. ಭಾವನೂ ನಕ್ಕರು. ನಾನು ಪಕ್ಕದಲ್ಲೇ ಇದ್ದೆ. ಆ ಹೆಂಗಸು ಇನ್ನೂ ಬೆರಳಲ್ಲಿ ಎತ್ತಿ ಹಿಡಿದಿದ್ದ ಪವನಿನಲ್ಲಿ, ಸವಾರನ ಕೈಯಿಂದ ಹೊರಟ ಲಗಾಮು ಕುದುರೆಯ ಬಾಯಿಗೆ ಮುಟ್ಟದೆ ಅರ್ಧಕ್ಕೇ ನಿಂತಿತ್ತು. ಅದರ ಪಕ್ಕದ್ದರಲ್ಲೂ ಅರ್ಧಕ್ಕೇ.

"ಭಾವ" ಎಂದೆ.

ಅಕ್ಕನ ನಗು ನಿಂತಿತು. "ಎಂತ?" ಎಂದರು ಭಾವ.

"ಎರಡನೇ ಪಂಕ್ತಿ ಶುರುವಾಯ್ತು. ನೀವಿಬ್ಬರೂ ಊಟಕ್ಕೆ ಬನ್ನಿ."

ಅವರಿಬ್ಬರೂ ನನ್ನ ಎದುರಿನ ಸಾಲಿನಲ್ಲಿ ಒಟ್ಟಿಗೆ ಕೂತರು. ಲಗಾಮು ತುಂಡಾದದ್ದು ಐದರಲ್ಲೋ, ಎಂಟರಲ್ಲೋ ಎಂದು ಎಣಿಸಲು ಪಾಯಸ ಬರುವವರೆಗೂ ಕತ್ತು ಚಾಚಿದೆ. ಅಕ್ಕ ಸೆರಗನ್ನು ಕುತ್ತಿಗೆಯವರೆಗೆ ಎಳೆದು ಹೊದ್ದುಕೊಂಡು, ನನ್ನ ಕಡೆ ಒಮ್ಮೆಯೂ ನೋಡದೆ ಊಟ ಮಾಡಿದಳು.